ಪ್ರಥಮ ರಂಗಪ್ರವೇಶವೂ ಸಭಾಕಂಪವೂ

ಮದುವೆ, ಮುಂಜಿ, ಪರೀಕ್ಷೆ ಎಂದರೆ ಗೃಹಸ್ಥನ ಮನೆಯಲ್ಲಿ ತಿಂಗಳುಗಟ್ಟಲೆ ಸಿದ್ಧತೆ ನಡೆಯುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಅದೇ ಮನೆಯ ಮಗನೋ ಮಗಳೋ ಮೊತ್ತಮೊದಲು ನಾಲ್ಕು ಜನರ ಮುಂದೆ ಹಾಡುವುದಕ್ಕೆ ನಿಲ್ಲುವ ದಿನ ಬಂದಾಗ, ‘ಹೆದರಬೇಡ’ ಎಂಬ ಒಂದೇ ಮಾತನ್ನು ಬುತ್ತಿಯಂತೆ ಕಟ್ಟಿಕೊಟ್ಟು ಕಳುಹಿಸಿಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಪಾಠಶಾಲೆಯಲ್ಲಿ ಮಕ್ಕಳ ನಡುವೆ ಕಾಲ ಕಳೆದ ನಾವು, ಆ ಮಾತೊಂದರಿಂದಲೇ ಹೆದರಿಕೆಯನ್ನು ಕಳೆದುಕೊಂಡ ಮಗುವನ್ನು ಇದುವರೆಗೆ ಕಂಡಿಲ್ಲ. ಸಭೆಯ ಮುಂದೆ ನಿಂತವರಿಗೆ ಬರುವ ಈ ನಡುಕಕ್ಕೆ ಸಭಾಕಂಪವೆಂದು ಹೆಸರು. ಅದರ ಸ್ವರೂಪವೇನು, ಅದಕ್ಕೆ ಮಾಡತಕ್ಕ ಪ್ರತೀಕಾರವೇನು ಎಂಬುದನ್ನು ವಾಚಕ ಮಹಾಶಯರೊಡನೆ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಈ ವಿಚಾರ ನಮ್ಮ ಮನಸ್ಸಿಗೆ ಬಂದುದಕ್ಕೆ ಕಾರಣವುಂಟು. ನಾವಿರುವ ಸೋಸಲೆಯು ತಿರುಮಕೂಡಲು ನರಸೀಪುರದ ತಾಲ್ಲೂಕಿಗೆ ಸೇರಿದ ಗ್ರಾಮ. ಕಾವೇರಿಯ ಸೀಮೆ, ವ್ಯಾಸರಾಜ ಮಠದ ಹೆಸರಿನೊಡನೆ ಪ್ರಸಿದ್ಧವಾದ ಊರು. ಕಳೆದ ವರ್ಷ ಇಲ್ಲಿಯ ಐದು ಮಂದಿ ತರುಣರು ಸೇರಿ ಒಂದು ವಾದ್ಯಗೋಷ್ಠಿಯನ್ನು ಕಟ್ಟಿಕೊಂಡರು. ಅವರೇ ಹೇಳುವಂತೆ ಅದು ‘ಬ್ಯಾಂಡು’. ಬ್ಯಾಂಡು ಎಂದೊಡನೆ ನಮ್ಮ ವಯಸ್ಸಿನವರಿಗೆ ಮೈಸೂರಿನ ದಸರಾ ಮೆರವಣಿಗೆಯಲ್ಲಿ ಸಾಲಾಗಿ ಸಾಗುವ ಪೊಲೀಸು ಬ್ಯಾಂಡಿನ ಹಿತ್ತಾಳೆಯ ವಾದ್ಯಗಳೇ ಕಣ್ಣಿಗೆ ಕಟ್ಟುತ್ತವೆ. ಇವರದು ಹಾಗಲ್ಲ. ಒಬ್ಬನದು ಗಿಟಾರು, ಒಬ್ಬನದು ಕೀಬೋರ್ಡು, ಒಬ್ಬನದು ತಬಲ, ಮತ್ತೊಬ್ಬನದು ಕೋಲಿನಿಂದ ಬಾರಿಸುವ ರಿದಂ ಪ್ಯಾಡು. ಹಾಡುವವಳು ಹದಿನೇಳು ವರ್ಷದ ಒಬ್ಬ ಹುಡುಗಿ. ದನಗಳಿಲ್ಲದೆ ಬರಿದಾದ ಒಂದು ಕೊಟ್ಟಿಗೆಯನ್ನು ಗುಡಿಸಿ ಸಾರಿಸಿ, ಅದರಲ್ಲಿ ಸಂಜೆಯ ಹೊತ್ತು ಅಭ್ಯಾಸ ನಡೆಸುತ್ತಿದ್ದರು. ಗಣಪತಿಯ ಹಬ್ಬದ ರಸಮಂಜರಿಯಲ್ಲಿ ಅರ್ಧ ಗಂಟೆಯ ಕಾಲವನ್ನು ಇವರಿಗೆ ಕೊಡುವುದೆಂದು ಊರಿನವರು ಗೊತ್ತುಮಾಡಿದರು. ಹಬ್ಬಕ್ಕೆ ಉಳಿದಿದ್ದುದು ಆರು ವಾರ.

ಹೀಗಿರಲಾಗಿ ಒಂದು ಸಂಜೆ ಆ ಹುಡುಗಿಯ ತಂದೆ ನಮ್ಮ ಮನೆಯ ಜಗಲಿಗೆ ಬಂದು ಕುಳಿತರು. ದಿನಸಿ ಅಂಗಡಿಯನ್ನಿಟ್ಟುಕೊಂಡು ಗೌರವದಿಂದ ಬಾಳುತ್ತಿರುವ ಗೃಹಸ್ಥರು. ಹಿಂದೆ ನಮ್ಮಲ್ಲಿ ಓದಿದವರು. ಸ್ವಲ್ಪ ಹೊತ್ತು ಮಳೆಬೆಳೆಯ ಮಾತಾಡಿ, ಬಳಿಕ ತಲೆ ತಗ್ಗಿಸಿಕೊಂಡು, “ಮೇಷ್ಟ್ರೇ, ಇವಳು ಹಾಡೋದು ಬೇಡ ಅಂತ ನೀವೇ ಒಂದು ಮಾತು ಹೇಳಿಬಿಡಿ. ನಿಮ್ಮ ಮಾತಾದರೆ ಕೇಳ್ತಾಳೆ. ನನಗೆ ಆದದ್ದು ಅವಳಿಗೆ ಆಗೋದು ಬೇಡ” ಎಂದರು.

ಅವರಿಗೆ ಆದದ್ದೇನೆಂಬುದು ನಮಗೆ ಗೊತ್ತಿತ್ತು. ಅದನ್ನು ಮಾಡಿದವರು ನಾವೇ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ನಾವಾಗ ಉಪಾಧ್ಯಾಯರಾಗಿದ್ದ ಪಾಠಶಾಲೆಯ ವಾರ್ಷಿಕೋತ್ಸವ. ಈ ಗೃಹಸ್ಥರು ಆಗ ಹನ್ನೊಂದು ವರ್ಷದ ಬಾಲಕ. ಕಂಠವು ಬಹು ಇಂಪಾಗಿತ್ತು. ಒಂದು ದೇವರನಾಮವನ್ನು ನಾವೇ ಕೂರಿಸಿಕೊಂಡು ಕಲಿಸಿದ್ದೆವು. ರಂಗಕ್ಕೆ ಹತ್ತುವ ಮುನ್ನ ಬೆನ್ನು ತಟ್ಟಿ, “ಹೆದರಬೇಡ. ಶಾಲೆಯ ಮಾನ ನಿನ್ನ ಕೈಯಲ್ಲಿದೆ” ಎಂದೆವು. ಹುಡುಗನು ಪಲ್ಲವಿಯನ್ನು ಹಾಡಿದನು. ಮುಂದಿನ ನುಡಿಯ ಮೊದಲಲ್ಲಿ ಮಾತು ನಿಂತಿತು, ಕಣ್ಣು ನೆಟ್ಟಿತು. ಪಕ್ಕದ ಪರದೆಯ ಹಿಂದಿದ್ದ ನಾವು ತಾಳ್ಮೆಗೆಟ್ಟು, ಕೈಯಲ್ಲಿದ್ದ ಬೆತ್ತವನ್ನೆತ್ತಿ, “ಮುಂದೆ ಹೇಳೋ!” ಎಂದು ಗದರಿದೆವು. ಆ ದನಿ ಮೈಕಿಗೆ ಕೇಳಿಸಿತು. ಸಭೆ ಗೊಳ್ಳೆಂದು ನಕ್ಕಿತು. ಹುಡುಗನು ಕೆಳಗಿಳಿದು ಹೋದವನು ಆಮೇಲೆ ನಮ್ಮ ತರಗತಿಯಲ್ಲಿ ಒಂದು ದಿನವೂ ಹಾಡಲಿಲ್ಲ. ಅದು ಅವನ ಪುಕ್ಕಲುತನವೆಂದು ಆಗ ನಾವು ತಿಳಿದಿದ್ದೆವು.

ಆದಕಾರಣ ಆ ಸಂಜೆ ನಮ್ಮಿಂದ ಕೂಡಲೆ ಉತ್ತರ ಬರಲಿಲ್ಲ. “ಮಗಳನ್ನು ತಡೆಯುವುದು ಬೇಡ. ಈ ಸಲ ಸಿದ್ಧತೆ ಸರಿಯಾಗಿ ನಡೆಯುವಂತೆ ನಾವು ನೋಡಿಕೊಳ್ಳುತ್ತೇವೆ” ಎಂದಷ್ಟೇ ಹೇಳಿ ಕಳುಹಿಸಿದೆವು. ಹೇಳಿದ ಮೇಲೆ, ಸರಿಯಾದ ಸಿದ್ಧತೆಯೆಂದರೆ ಯಾವುದೆಂಬುದನ್ನು ನಾವೇ ಮೊದಲು ಕಲಿಯಬೇಕಾಯಿತು.

ಸಭಾಕಂಪವೆಂಬುದು ದೇಹದ ಧರ್ಮವೇ ಹೊರತು ಗುಣದ ದೋಷವಲ್ಲವೆಂಬುದನ್ನು ಮೊದಲು ತಿಳಿಯಬೇಕು. ನಮ್ಮ ಮೂತ್ರಪಿಂಡಗಳ ಮೇಲ್ಗಡೆ ಟೋಪಿಯಂತೆ ಕುಳಿತಿರುವ ಎರಡು ಸಣ್ಣ ಗ್ರಂಥಿಗಳುಂಟು. ಅಪಾಯ ಬಂದಿತೆಂದು ಮನಸ್ಸಿಗೆ ತೋರಿದೊಡನೆ ಅವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಬೇಗ ಬಡಿಯುತ್ತದೆ. ಉಸಿರು ಮೇಲೆ ಮೇಲೆ ಬರುತ್ತದೆ. ಚರ್ಮದ ಕಡೆಗೆ ಹರಿಯುವ ರಕ್ತವು ದೊಡ್ಡ ಮಾಂಸಖಂಡಗಳ ಕಡೆಗೆ ತಿರುಗುವುದರಿಂದ ಬೆರಳ ತುದಿ ತಣ್ಣಗಾಗುತ್ತದೆ. ಜೊಲ್ಲು ಕಡಮೆಯಾಗಿ ನಾಲಗೆ ಒಣಗುತ್ತದೆ. ಓಡುವುದಕ್ಕೋ ಹೋರಾಡುವುದಕ್ಕೋ ದೇಹವು ಮಾಡಿಕೊಳ್ಳುವ ಏರ್ಪಾಡು ಇದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿ ಇದನ್ನು ವಿವರವಾಗಿ ಪರಿಶೀಲಿಸಿದನು. ಹುಲಿಯನ್ನು ಕಂಡವನಿಗೆ ಉಪಕಾರಿಯಾದ ಈ ಏರ್ಪಾಡು ಗಿಟಾರಿನ ತಂತಿಯನ್ನು ಮೀಟುವವನಿಗೆ ಉಪದ್ರವವಾಗಿ ಪರಿಣಮಿಸುವುದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಪ್ರಾಚೀನರು ಇದೇ ಲಕ್ಷಣಗಳನ್ನು ಬೇರೊಂದು ಸಂದರ್ಭದಲ್ಲಿ ಗುರುತಿಸಿದ್ದಾರೆ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಸಾತ್ತ್ವಿಕ ಭಾವಗಳು ಎಂಟು: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ. ಮರಗಟ್ಟುವುದು, ಬೆವರುವುದು, ಮೈನವಿರೇಳುವುದು, ಸ್ವರ ಒಡೆಯುವುದು, ನಡುಗುವುದು, ಮುಖದ ಬಣ್ಣಗೆಡುವುದು, ಕಣ್ಣೀರು ಬರುವುದು, ಎಚ್ಚರ ತಪ್ಪುವುದು ಎಂದು ಅರ್ಥ. ಮೊದಲ ಸಲ ರಂಗಕ್ಕೆ ಹತ್ತಿದ ನಮ್ಮ ಮಕ್ಕಳಲ್ಲಿ ಇವುಗಳಲ್ಲಿ ನಾಲ್ಕೈದನ್ನಾದರೂ ಕಾಣದೆ ಇರುವುದಿಲ್ಲ. ಶಾಸ್ತ್ರಕಾರನು ಇವುಗಳನ್ನು ರೋಗಗಳ ಪಟ್ಟಿಗೆ ಸೇರಿಸಲಿಲ್ಲ. ಸಮಾಹಿತವಾದ ಮನಸ್ಸಿನಿಂದ ಹುಟ್ಟುವ ಸತ್ತ್ವವೇ ಇವುಗಳಿಗೆ ಮೂಲವೆಂದನು. ಕೆಲಸವನ್ನು ಲಘುವಾಗಿ ಎಣಿಸಿದವನಿಗೆ ನಡುಕವೆಲ್ಲಿಂದ ಬರಬೇಕು?

ಮಹನೀಯರಾದವರೂ ಇದರಿಂದ ತಪ್ಪಿಸಿಕೊಂಡಿಲ್ಲ. ಗಾಂಧೀಜಿಯವರು ಲಂಡನ್ನಿನಲ್ಲಿ ವ್ಯಾಸಂಗಮಾಡುತ್ತಿದ್ದಾಗ ಸಸ್ಯಾಹಾರಿಗಳ ಸಂಘದಲ್ಲಿ ನಾಲ್ಕು ಮಾತಾಡಲಾರದೆ ಸಂಕಟಪಟ್ಟುದನ್ನು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಸ್ವದೇಶಕ್ಕೆ ಮರಳಿದ ಮೇಲೆ ಮುಂಬಯಿಯ ಸಣ್ಣ ನ್ಯಾಯಸ್ಥಾನವೊಂದರಲ್ಲಿ ಪ್ರಶ್ನೆ ಕೇಳಲು ಎದ್ದು ನಿಂತು, ತಲೆ ತಿರುಗಿದಂತಾಗಿ, ಆ ಮೊಕದ್ದಮೆಯನ್ನೇ ಬಿಟ್ಟುಕೊಟ್ಟರು. ಸ್ಪೇನ್ ದೇಶದ ಪಾಬ್ಲೊ ಕಸಾಲ್ಸ್ (೧೮೭೬–೧೯೭೩) ಚೆಲ್ಲೋವೆಂಬ ದೊಡ್ಡ ಪಿಟೀಲಿನಲ್ಲಿ ಅದ್ವಿತೀಯನೆನಿಸಿದವನು. ೧೯೦೧ರಲ್ಲಿ ಅಮೆರಿಕದ ಒಂದು ಬೆಟ್ಟದಿಂದ ಇಳಿಯುವಾಗ ಉರುಳಿದ ಬಂಡೆಯೊಂದು ಅವನ ಎಡಗೈಗೆ ಬಡಿಯಿತು. ಇನ್ನು ಮುಂದೆ ಚೆಲ್ಲೋ ನುಡಿಸುವ ಗೋಜಿಲ್ಲವಲ್ಲಾ ಎಂಬ ಸಮಾಧಾನವೇ ಅವನಿಗೆ ಮೊದಲು ಉಂಟಾಯಿತಂತೆ! ಕೈ ವಾಸಿಯಾಯಿತು, ಕಚೇರಿಗಳು ಮುಂದುವರಿದವು, ಕಚೇರಿಗೆ ಮುಂಚಿನ ನಡುಕ ಮಾತ್ರ ಬಿಡಲಿಲ್ಲ. ಭಯವಿದ್ದೂ ಮಹಾವಿದ್ವಾಂಸನಾಗಿ ಬಾಳಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಹಾಗಾದರೆ ಪ್ರತೀಕಾರವೇನು? ಇದಕ್ಕೆ ಉತ್ತರವು ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿಯೇ ಇದೆ. ಅದನ್ನು ವಿದ್ಯಾರ್ಥಿದೆಸೆಯಲ್ಲಿ ಓದಿದ್ದೆವು. ಅರ್ಥವಾದುದು ಮಾತ್ರ ಕಳೆದ ವರ್ಷ. ಅಲ್ಲಿ ಹೇಳಿರುವುದು ಲೋಕದ ಪ್ರಥಮ ನಾಟ್ಯಪ್ರಯೋಗದ ವೃತ್ತಾಂತ. ಇಂದ್ರಧ್ವಜದ ಮಹೋತ್ಸವದಲ್ಲಿ ಭರತನೂ ಅವನ ಪುತ್ರರೂ ಪ್ರಯೋಗವನ್ನಾರಂಭಿಸಿದರು. ದೇವತೆಗಳು ದೈತ್ಯರನ್ನು ಗೆದ್ದ ಕಥೆಯನ್ನು ಕಂಡು ದೈತ್ಯರು ಸಹಿಸದಾದರು. ವಿರೂಪಾಕ್ಷನನ್ನು ಮುಂದಿಟ್ಟುಕೊಂಡು ವಿಘ್ನಗಳೆಂಬ ಅದೃಶ್ಯ ಶಕ್ತಿಗಳು ಬಂದು ನಟರ ಮಾತನ್ನೂ ಚಲನೆಯನ್ನೂ ನೆನಪನ್ನೂ ಸ್ತಂಭನಗೊಳಿಸಿದವು. ಮಾತು, ಚಲನೆ, ನೆನಪು! ಸಭಾಕಂಪದಲ್ಲಿ ಕೈಕೊಡುವುವು ಇವೇ ಮೂರಲ್ಲವೆ?

ಇಂದ್ರನು ಸಿಟ್ಟಿಗೆದ್ದು ಧ್ವಜದಂಡವನ್ನೇ ಕಿತ್ತುಕೊಂಡು ವಿಘ್ನಗಳನ್ನು ಬಡಿದನು. ಅವುಗಳ ಮೈ ಜರ್ಜರಿತವಾದುದರಿಂದ ಆ ದಂಡಕ್ಕೆ ಜರ್ಜರವೆಂದೇ ಹೆಸರಾಯಿತು. ಕಥೆ ಇಲ್ಲಿಗೆ ಮುಗಿಯುವುದೆಂದು ಬಹುಮಂದಿ ತಿಳಿಯುತ್ತಾರೆ. ಮುಗಿಯುವುದಿಲ್ಲ. ಪ್ರಯೋಗವು ಮತ್ತೆ ಮೊದಲಾದಾಗ, ಉಳಿದಿದ್ದ ವಿಘ್ನಗಳು ಮತ್ತೆ ಬಂದು ಹೆದರಿಸಿದವು. ಆಗ ಭರತನು ಬ್ರಹ್ಮನಲ್ಲಿಗೆ ಹೋದನು. ಬ್ರಹ್ಮನು ಎರಡನೆಯ ದಂಡವನ್ನು ಕೊಡಲಿಲ್ಲ. ವಿಶ್ವಕರ್ಮನನ್ನು ಕರೆದು ನಾಟ್ಯಗೃಹವನ್ನು ಕಟ್ಟೆಂದನು. ಕಟ್ಟಿದ ಮನೆಯ ಒಂದೊಂದು ಭಾಗಕ್ಕೂ ಒಬ್ಬೊಬ್ಬ ದೇವತೆಯನ್ನು ಕಾವಲಿಟ್ಟನು. ವೇಷಭೂಷಣಗಳ ಕೋಣೆಯಾದ ನೇಪಥ್ಯಕ್ಕೆ ಮಿತ್ರದೇವನು. ವಾದ್ಯಗಳಿಗೆ ಎಲ್ಲ ದೇವತೆಗಳೂ ಒಟ್ಟಾಗಿ. ರಂಗಪೀಠದ ನಡುವೆ ಸ್ವಯಂ ಬ್ರಹ್ಮನೇ. ಕೊನೆಯಲ್ಲಿ ವಿಘ್ನಗಳನ್ನು ಕರೆದು ಸಾಮೋಪಾಯದಿಂದ ಮಾತಾಡಿಸಿ, ನಾಟ್ಯವು ನಿಮಗೂ ಸೇರಿದ್ದೆಂದು ಸಮಾಧಾನ ಹೇಳಿದನು.

ಈ ಕಥೆಯನ್ನು ಮತ್ತೊಮ್ಮೆ ಓದಿ ಪುಸ್ತಕವನ್ನು ಮುಚ್ಚಿದಾಗ ನಮ್ಮ ಹಳೆಯ ಬೆತ್ತವು ನೆನಪಿಗೆ ಬಂದು ನಾಚಿಕೆಯಾಯಿತು. ಹೆದರಿದವನನ್ನು ಗದರಿಸುವುದು ಜರ್ಜರದ ಉಪಾಯ. ಅದು ಇಂದ್ರನ ಕೈಯಲ್ಲಿಯೇ ಸಾಲದೆ ಹೋಯಿತು. ಮನೆಯನ್ನು ಕಟ್ಟುವುದು, ಕಾವಲನ್ನು ಹಂಚುವುದು, ಭಯದೊಡನೆ ಸಾಮದಿಂದ ಮಾತಾಡುವುದು, ಇವು ಬ್ರಹ್ಮನ ಉಪಾಯ. ಆರು ವಾರಗಳಲ್ಲಿ ಆ ಐವರು ಮಾಡಿದುದು ಇಷ್ಟೇ. ಇತರರಿಗೂ ಪ್ರಯೋಜನವಾದೀತೆಂದು ಅದನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದು ಹಾಡುಗಳ ಆಯ್ಕೆ. ತರುಣರು ಹನ್ನೆರಡು ಹಾಡುಗಳ ಪಟ್ಟಿಯನ್ನು ತಂದರು. ಅರ್ಧ ಗಂಟೆಗೆ ಆರು ಸಾಕೆಂದು ಆರನ್ನು ಬಿಡಿಸಿದೆವು. ನೂರಕ್ಕೆ ಎಂಬತ್ತರಷ್ಟು ಬರುವ ಹಾಡು ಮನೆಯಲ್ಲಿ ಹಾಡುವುದಕ್ಕೆ ಸರಿ. ಸಭೆಗೆ ನಿದ್ದೆಗಣ್ಣಿನಲ್ಲಿಯೂ ತಪ್ಪದೆ ಬರುವ ಹಾಡೇ ಬೇಕು. ಕಠಿಣವಾದುದನ್ನು ನಡುವೆ ಇಡಬೇಕು; ಮೊದಲನೆಯದು ಅತ್ಯಂತ ಸುಲಭವಾಗಿರಬೇಕು. ಏಕೆಂದರೆ ನಡುಕವು ಸಾಮಾನ್ಯವಾಗಿ ಆರಂಭಕ್ಕೆ ಮುಂಚೆಯೂ ಆರಂಭದ ಕೆಲವು ನಿಮಿಷಗಳಲ್ಲಿಯೂ ತುತ್ತತುದಿಯಲ್ಲಿದ್ದು, ಅನಂತರ ತಾನಾಗಿ ಇಳಿಯತೊಡಗುತ್ತದೆ. ಆ ನಿಮಿಷಗಳನ್ನು ದಾಟಿಸುವ ಹಾಡು ದೋಣಿಯಂತಿರಬೇಕು.

ಆ ದೋಣಿಯು ನಮ್ಮ ಊರಿನಲ್ಲಿಯೇ ದೊರೆಯಿತು. ಮೈಸೂರು ಅರಮನೆಯ ಆಶ್ರಯದಲ್ಲಿದ್ದ ಸೋಸಲೆಯ ಅಯ್ಯಾಶಾಸ್ತ್ರಿಗಳು ರಚಿಸಿದ ‘ಸ್ವಾಮಿದೇವನೆ’ ಎಂಬ ಪ್ರಾರ್ಥನೆ ಹಳೆಯ ಮೈಸೂರಿನ ಪಾಠಶಾಲೆಗಳಲ್ಲಿ ತಲೆಮಾರುಗಳ ಕಾಲ ಹಾಡಿಕೆಯಲ್ಲಿದ್ದುದು. ೧೯೫೮ರ ‘ಸ್ಕೂಲ್ ಮಾಸ್ಟರ್’ ಚಿತ್ರದಿಂದ ಮನೆಮನೆಗೂ ತಲಪಿದುದು. ಬೆಳಗಿನ ಪ್ರಾರ್ಥನೆಯಲ್ಲಿ ಯಾವ ಮಗುವೂ ನಡುಗಿದುದನ್ನು ನಾವು ಕಂಡಿಲ್ಲ. ನೂರು ದನಿಗಳ ನಡುವೆ ತನ್ನ ದನಿಗೆ ಆಸರೆಯಿರುತ್ತದೆ. ಅದನ್ನೇ ಮೊದಲು ಹಾಡಿರೆಂದೆವು. ಗಿಟಾರಿನವನು ಮೊದಮೊದಲು ಮುಖ ಸಿಂಡರಿಸಿದನು. ಶಾಲೆಯ ಪ್ರಾರ್ಥನೆಯಿಂದ ಬ್ಯಾಂಡು ಆರಂಭವಾಗುವುದೆ ಎಂದು ಅವನ ಸಂಕೋಚ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಶಿಶುನಾಳ ಶರೀಫರ ಪದಗಳನ್ನು ಗಿಟಾರಿನೊಡನೆ ಹಾಡಿ ದೇಶವಿದೇಶಗಳಲ್ಲಿ ಹೆಸರಾದುದನ್ನು ಅವನ ಜೊತೆಗಾರರೇ ನೆನಪಿಸಿದ ಮೇಲೆ ಒಪ್ಪಿದನು.

ಎರಡನೆಯದು ಅಭ್ಯಾಸದ ರೀತಿ. ಕೊಟ್ಟಿಗೆಯಲ್ಲಿ ಕುಳಿತು, ತಪ್ಪಿದಲ್ಲಿ ನಿಲ್ಲಿಸಿ, ನಕ್ಕು, ಮತ್ತೆ ಮೊದಲಿಂದ ಆರಂಭಿಸುವುದು ಇವರ ವಾಡಿಕೆಯಾಗಿತ್ತು. ಕಲಿಯುವಾಗ ಅದು ಸರಿಯೇ. ಆದರೆ ಸಭೆಯಲ್ಲಿ ನಿಲ್ಲಿಸುವಂತಿಲ್ಲ. ಆದ್ದರಿಂದ ಕೊನೆಯ ಮೂರು ವಾರ, ನಿಂತುಕೊಂಡೇ, ಗೊತ್ತಾದ ಅನುಕ್ರಮದಲ್ಲಿ, ಏನಾದರೂ ನಿಲ್ಲಿಸದೆ ಆರೂ ಹಾಡುಗಳನ್ನು ಮುಗಿಸತಕ್ಕದ್ದೆಂದು ನಿಯಮವಾಯಿತು. ಮೊದಲ ವಾರ ನಾವೊಬ್ಬರೇ ಕೇಳುವವರು. ಎರಡನೆಯ ವಾರ ಐದೂ ಮನೆಯವರು. ಮೂರನೆಯ ವಾರ ಬೀದಿಯ ಜನ. ನೀರಿಗಿಳಿಯದೆ ಈಜು ಬಾರದೆಂಬುದು ನಿಜ. ಆದರೆ ಮೊದಲ ದಿನವೇ ಸಂಗಮದ ಮಡುವಿಗೆ ತಳ್ಳಬೇಕೆಂದು ಅದರ ಅರ್ಥವಲ್ಲ.

ಮೂರನೆಯದು, ತಪ್ಪಿಗೂ ಒಂದು ಜಾಗವನ್ನು ಮೊದಲೇ ಕಟ್ಟಿಡುವುದು. ಎಲ್ಲಕ್ಕಿಂತ ಮುಖ್ಯವಾದುದು ಇದೇ ಎಂದು ನಮ್ಮ ಅಭಿಪ್ರಾಯ. ಹಾಡುವವಳಿಗೆ ಸಾಹಿತ್ಯ ಮರೆತರೆ ಕೀಬೋರ್ಡಿನವನು ಹಾಡಿನ ಮೊದಲ ಸಾಲಿನ ಸ್ವರವನ್ನು ಮತ್ತೊಮ್ಮೆ ನುಡಿಸತಕ್ಕದ್ದು. ತಬಲದವನು ತಾಳವನ್ನು ಎಷ್ಟುಮಾತ್ರಕ್ಕೂ ಬಿಡತಕ್ಕದ್ದಲ್ಲ. ಯಾರೂ ಯಾರ ಮುಖವನ್ನೂ ಸಿಟ್ಟಿನಿಂದ ನೋಡತಕ್ಕದ್ದಲ್ಲ. ಇದನ್ನು ಬಾಯಿಮಾತಿಗೆ ಬಿಡದೆ, ದಿನಕ್ಕೊಬ್ಬರು ಬೇಕೆಂದೇ ತಪ್ಪಿ, ಉಳಿದವರು ಎತ್ತಿಕೊಳ್ಳುವುದನ್ನು ರೂಢಿಸಿದರು. ನೇಪಥ್ಯಕ್ಕೆ ಮಿತ್ರನನ್ನು ಕಾವಲಿಟ್ಟ ಬ್ರಹ್ಮನ ಜಾಣ್ಮೆ ನಮಗೆ ಆಗ ಮನವರಿಕೆಯಾಯಿತು. ಒಬ್ಬನು ಎಡವಿದಾಗ ಎತ್ತುವ ಕೈಗಳು ನಾಲ್ಕುಂಟೆಂದು ತಿಳಿದ ಮೇಲೆ ಎಡವುವ ಭಯವೇ ಅರ್ಧಕ್ಕೆ ಇಳಿಯುತ್ತದೆ. ಒಂಟಿಯಾಗಿ ಹಾಡುವವನಿಗಿಲ್ಲದ ಸೌಭಾಗ್ಯ ಗೋಷ್ಠಿಗಿದೆ; ಅದನ್ನು ಬಳಸಿಕೊಳ್ಳದಿದ್ದರೆ ಐವರೂ ಐದು ಒಂಟಿಗಳೇ ಸರಿ.

ನಾಲ್ಕನೆಯದು ಉಪಕರಣಗಳು. ಭಯದಲ್ಲಿ ಎರಡು ಬಗೆ. ಒಂದು ಬರಿಯ ಭಯ. ಇನ್ನೊಂದು ನಿಜವಾದ ಕೊರತೆಯೊಂದನ್ನು ತೋರಿಸಿಕೊಡುವ ಭಯ. ಎರಡನೆಯದಕ್ಕೆ ಸಮಾಧಾನದ ಮಾತು ಮದ್ದಲ್ಲ. ಕೊರತೆಯನ್ನು ತುಂಬುವುದೇ ಮದ್ದು. ಇದಕ್ಕೆ ನಮ್ಮ ನೆರೆಯ ತಿರುಮಕೂಡಲೇ ಸಾಕ್ಷಿ. ಪಿಟೀಲು ಚೌಡಯ್ಯನವರು ೧೮೯೫ರಲ್ಲಿ ಅಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಕಠಿಣವಾದ ಗುರುಕುಲವಾಸದಲ್ಲಿ ಕಲಿತವರು. ಧ್ವನಿವರ್ಧಕ ಬಳಕೆಗೆ ಬಾರದಿದ್ದ ಕಾಲದಲ್ಲಿ ದೊಡ್ಡ ಸಭೆಗಳ ಹಿಂದಿನ ಸಾಲಿಗೆ ಪಿಟೀಲಿನ ನಾದ ತಲಪುತ್ತಿರಲಿಲ್ಲ. ಚೌಡಯ್ಯನವರು ಹಣೆಬರಹವೆಂದು ಕೈಕಟ್ಟಿ ಕುಳಿತುಕೊಳ್ಳದೆ, ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಸೇರಿಸಿ, ಏಳು ತಂತಿಗಳ ಪಿಟೀಲನ್ನು ರೂಢಿಗೆ ತಂದರು. ೧೯೫೭ರಲ್ಲಿ ಮದರಾಸಿನ ಸಂಗೀತ ವಿದ್ವತ್ಸಭೆಯಿಂದ ಸಂಗೀತ ಕಲಾನಿಧಿ ಎನಿಸಿದರು, ೧೯೬೭ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿರುವ ಸಭಾಭವನಕ್ಕೆ ಅವರದೇ ಹೆಸರು.

ನಮ್ಮ ತರುಣರಿಗೆ ತಂತಿಯನ್ನು ಹೆಚ್ಚಿಸಬೇಕಾಗಿರಲಿಲ್ಲ. ಹರಿದರೆ ಇನ್ನೊಂದು ಬೇಕಾಗಿತ್ತು. ಗಿಟಾರಿಗೆ ಹೆಚ್ಚಿನ ಒಂದು ಜೊತೆ ತಂತಿ, ಹೆಚ್ಚಿನ ಎರಡು ಕೇಬಲು, ತಬಲದ ಸುತ್ತಿಗೆ, ಬ್ಯಾಟರಿ, ಕರೆಂಟು ಹೋದರೆ ಬೆಳಕು, ಹಾಡುಗಳ ಅನುಕ್ರಮವನ್ನು ದಪ್ಪಕ್ಷರದಲ್ಲಿ ಬರೆದ ಐದು ಹಾಳೆ, ಇವೆಲ್ಲವನ್ನೂ ಪಟ್ಟಿಮಾಡಿ ಒಂದು ಚೀಲಕ್ಕೆ ಹಾಕಿದರು. ಮೇಲಾಗಿ, ಧ್ವನಿವರ್ಧಕದ ಪೆಟ್ಟಿಗೆಗಳೆಲ್ಲ ಜನರ ಕಡೆಗೆ ಮುಖಮಾಡಿದ್ದರೆ ಹಾಡುವವರಿಗೆ ತಮ್ಮ ದನಿ ತಮಗೇ ಕೇಳಿಸುವುದಿಲ್ಲ. ಒಂದು ಪೆಟ್ಟಿಗೆಯನ್ನು ರಂಗದ ಕಡೆಗೆ ತಿರುಗಿಸಿಡುವಂತೆ ಮೈಕಿನವನನ್ನು ಮೊದಲೇ ಕೇಳಿಕೊಳ್ಳಬೇಕು. ಶ್ರುತಿ ತಪ್ಪುವುದಕ್ಕೆ ಅನೇಕ ವೇಳೆ ಹೆದರಿಕೆಗಿಂತ ಇದೇ ಕಾರಣ. ಕುಣಿಯಲಾರದವಳು ನೆಲ ಡೊಂಕೆಂದ ಗಾದೆಯುಂಟಷ್ಟೆ. ಆದರೆ ನೆಲ ನಿಜವಾಗಿಯೂ ಡೊಂಕಾಗಿದೆಯೋ ಎಂಬುದನ್ನು ಕುಣಿಯುವ ಮೊದಲೇ ನೋಡಿಕೊಳ್ಳುವುದು ಜಾಣತನ.

ಭರತನು ಇದನ್ನು ವಿಧಿಯಾಗಿಯೇ ಮಾಡಿದ್ದಾನೆ. ಪೂರ್ವರಂಗದ ಅಂಗಗಳಲ್ಲಿ ಮೊದಲ ಒಂಬತ್ತು ತೆರೆಯ ಒಳಗೇ ನಡೆಯತಕ್ಕವು. ವಾದ್ಯಗಳನ್ನು ಅವುಗಳ ಸ್ಥಾನದಲ್ಲಿಡುವುದು ಪ್ರತ್ಯಾಹಾರ. ಗಾಯಕರು ತಮ್ಮ ತಮ್ಮ ಎಡೆಯಲ್ಲಿ ಕುಳಿತುಕೊಳ್ಳುವುದು ಅವತರಣ. ತಂತಿಗಳನ್ನು ಸರಿಪಡಿಸುವುದು ಪರಿಘಟ್ಟನೆ. ತಂತಿಯ ವಾದ್ಯವನ್ನೂ ಚರ್ಮದ ವಾದ್ಯವನ್ನೂ ಕೂಡಿಸಿ ನುಡಿಸಿ ನೋಡುವುದು ಮಾರ್ಗಾಸಾರಿತ. ನಮ್ಮ ತರುಣರು ಇದನ್ನು ‘ಸೌಂಡ್ ಚೆಕ್’ ಎನ್ನುತ್ತಾರೆ. ಹೆಸರು ಯಾವುದಾದರೇನು, ಜನ ಸೇರುವ ಮೊದಲೇ ನಡೆಯಬೇಕೆಂಬುದು ಮುಖ್ಯ.

ಐದನೆಯದು ಭಯದೊಡನೆ ಸಾಮ. ೨೦೧೪ರಲ್ಲಿ ಹಾರ್ವರ್ಡಿನ ಅಲಿಸನ್ ವುಡ್ ಬ್ರೂಕ್ಸ್ ಎಂಬ ವಿದುಷಿಯು ಕೆಲವು ಪ್ರಯೋಗಗಳ ಫಲವನ್ನು ಪ್ರಕಟಿಸಿದರು. ಇತರರ ಮುಂದೆ ಹಾಡುವುದಕ್ಕೆ ಮುಂಚೆ ‘ನನಗೆ ಉತ್ಸಾಹವಾಗಿದೆ’ ಎಂದು ಬಾಯಿಬಿಟ್ಟು ಹೇಳಿಕೊಂಡವರು, ‘ನನಗೆ ಆತಂಕವಾಗಿದೆ’ ಎಂದು ಹೇಳಿಕೊಂಡವರಿಗಿಂತ ಚೆನ್ನಾಗಿ ಹಾಡಿದರು. ಬಡಿಯುವ ಎದೆಯನ್ನು ಸುಮ್ಮನಾಗೆಂದು ಗದರಿಸಿದರೆ ಅದು ಕೇಳುವುದಿಲ್ಲ; ಮದುವೆಯ ಮನೆಗೆ ಹೊರಟಾಗಲೂ ಎದೆ ಹೀಗೆಯೇ ಬಡಿಯುತ್ತದೆಂದು ನೆನಪುಮಾಡಿಕೊಟ್ಟರೆ ಕೇಳುತ್ತದೆ. ಇದರೊಡನೆ ಉಸಿರನ್ನು ಮೂಗಿನಿಂದ ಮೆಲ್ಲಗೆ ಎಳೆದು, ಎಳೆದುದಕ್ಕಿಂತ ನಿಧಾನವಾಗಿ ಬಿಡುವ ಅಭ್ಯಾಸವನ್ನು ಹತ್ತು ಸಲ ಮಾಡಬೇಕು. ಎದೆಯ ಬಡಿತ ಸ್ವಲ್ಪ ತಗ್ಗುವುದು ಅನುಭವಕ್ಕೆ ಬರುತ್ತದೆ. ತಣ್ಣಗಾದ ಬೆರಳುಗಳನ್ನು ಬಿಸಿನೀರಿನ ಲೋಟದ ಮೇಲಿಟ್ಟು ಬೆಚ್ಚಗೆ ಮಾಡಿಕೊಳ್ಳಬೇಕು. ಎದೆಬಡಿತವನ್ನು ತಗ್ಗಿಸುವ ಪ್ರೊಪ್ರನೊಲಾಲ್ ಎಂಬ ಮಾತ್ರೆಯನ್ನು ಕೆಲವು ವಾದಕರು ಸೇವಿಸುವುದುಂಟು. ಆದರೆ ಉಬ್ಬಸವುಳ್ಳವರಿಗೆ ಅದು ಅಪಾಯಕರ. ವೈದ್ಯರ ಅಪ್ಪಣೆಯಿಲ್ಲದೆ ಯಾರೂ ಮುಟ್ಟತಕ್ಕದ್ದಲ್ಲ. ಹುಡುಗರ ಮೊದಲ ರಂಗಪ್ರವೇಶಕ್ಕೆ ಮಾತ್ರೆಯ ಯೋಚನೆಯೇ ಬೇಡ.

ಇನ್ನು ಮನೆಯವರಿಗೆ ಎರಡು ಮಾತು. ಆ ದಿನ ಮಕ್ಕಳಿಗೆ ಎರಡು ಮೂರು ಗಂಟೆ ಮುಂಚೆಯೇ ಹಗುರವಾದ ಊಟವನ್ನು ಬಡಿಸಿರಿ. ಮೊಸರನ್ನವೋ ಇಡ್ಲಿಯೋ ಸಾಕು. ಕಾಫಿಯ ಮೇಲೆ ಕಾಫಿಯನ್ನು ಕೊಡಬೇಡಿರಿ. ಬಡಿಯುವ ಎದೆಯನ್ನು ಅದು ಮತ್ತಷ್ಟು ಬಡಿಸುತ್ತದೆ. ಹಿಂದಿನ ರಾತ್ರಿ ನಿದ್ದೆಗೆಟ್ಟು ಅಭ್ಯಾಸಮಾಡಲು ಬಿಡಬೇಡಿರಿ. ‘ಮಾನ’, ‘ಮರ್ಯಾದೆ’, ‘ನಂಟರೆಲ್ಲ ಬರುತ್ತಾರೆ’ ಎಂಬ ಮಾತುಗಳನ್ನು ಆ ದಿನದ ಮಟ್ಟಿಗೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಿ. ಹಾಡಿ ಮುಗಿಸಿ ಮನೆಗೆ ಬಂದ ಮಗುವಿಗೆ ಮೊದಲು ಊಟ. ತಪ್ಪುಗಳ ವಿಮರ್ಶೆಯೇನಿದ್ದರೂ ಮರುದಿ‍ನ.

ಹಬ್ಬದ ಸಂಜೆ ಬಂದಿತು. ಮಳೆ ಹನಿಯುತ್ತಿದ್ದರೂ ಶಾಮಿಯಾನದ ತುಂಬ ಜನ. ವೇದಿಕೆಯ ಹಿಂದೆ ಹುಡುಗಿಯ ಕೈ ಹಿಮದಂತಿತ್ತು. “ಮೇಷ್ಟ್ರೇ, ಕಾಲು ನಡುಗುತ್ತೆ” ಎಂದಳು. ಮೂವತ್ತು ವರ್ಷಗಳ ಹಿಂದೆ ಅವಳ ತಂದೆಗೆ ಹೇಳಿದ ಮಾತು ನಮ್ಮ ನಾಲಗೆಯ ತುದಿಗೆ ಬಂದಿತು, ಅದನ್ನು ನುಂಗಿಕೊಂಡು, “ನಡುಗಲಿ ಬಿಡು ಮಗು. ನಡುಗುವ ಕಾಲಿನಲ್ಲಿಯೇ ಹೋಗಿ ನಿಲ್ಲು. ಮರೆತರೆ ಅವರು ನಾಲ್ವರಿದ್ದಾರೆ” ಎಂದೆವು.

ಪ್ರಾರ್ಥನೆಯ ಮೊದಲ ಭಾಗ ಸರಾಗವಾಗಿ ಸಾಗಿತು. ಎರಡನೆಯ ನುಡಿಯ ಬಾಗಿಲಲ್ಲಿ ಅವಳ ಕಣ್ಣು ನೆಟ್ಟುದನ್ನು ನಾವು ಕಂಡೆವು. ನಮಗೆ ಚೆನ್ನಾಗಿ ಗೊತ್ತಿದ್ದ ನೋಟ ಅದು. ಎದೆ ಧಸಕ್ಕೆಂದಿತು. ಆದರೆ ತಬಲದ ಕೈ ನಿಲ್ಲಲಿಲ್ಲ. ಕೀಬೋರ್ಡಿನವನು ಮುಖದ ಮೇಲೆ ಒಂದು ಗೆರೆಯನ್ನೂ ತೋರಗೊಡದೆ ಮೊದಲ ಸಾಲಿನ ಸ್ವರವನ್ನು ನುಡಿಸಿದನು. ಒಂದು ಸುತ್ತು ಮುಗಿಯಿತು, ಅವಳು ಬರಲಿಲ್ಲ. ಅವನು ಮತ್ತೆ ನುಡಿಸಿದನು. ಎರಡನೆಯ ಸುತ್ತಿನ ಕೊನೆಗೆ ಹುಡುಗಿ ಒಮ್ಮೆ ಉಸಿರನ್ನೆಳೆದು, ನುಡಿಯನ್ನು ಎತ್ತಿಕೊಂಡಳು. ಸಭೆಗೆ ಏನೂ ತಿಳಿಯಲಿಲ್ಲ. ಹಾಡಿನ ಕಟ್ಟೇ ಹಾಗಿದೆಯೆಂದು ತಿಳಿದು ಕೆಲವರು ತಲೆದೂಗಿದರು. ಉಳಿದ ಐದು ಹಾಡುಗಳಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಇದ್ದಿತು. ನಡುಕ ಮಾತ್ರ ಇರಲಿಲ್ಲ. ಮುಗಿದ ಮೇಲೆ ಚಪ್ಪಾಳೆಯೂ ಬಂದಿತು, ಇನ್ನೊಂದು ಹಾಡೆಂಬ ಕೂಗೂ ಬಂದಿತು. ಇನ್ನೊಂದನ್ನು ಸಿದ್ಧಪಡಿಸಿರಲಿಲ್ಲವಾದ್ದರಿಂದ ಮೊದಲ ಪ್ರಾರ್ಥನೆಯನ್ನೇ ಮತ್ತೆ ಹಾಡಿದರು. ಈ ಸಲ ಸಭೆಯ ವೃದ್ಧರು ಅನೇಕರು ದನಿಗೂಡಿಸಿದರು.

ಹುಡುಗಿಯ ತಂದೆ ಶಾಮಿಯಾನದ ಕೊನೆಯಲ್ಲಿ, ಮೈಕಿನವನ ಮೇಜಿನ ಪಕ್ಕದಲ್ಲಿ, ಮೊದಲಿನಿಂದ ಕೊನೆಯವರೆಗೂ ನಿಂತೇ ಇದ್ದರು. ಜನ ಚದರಿದ ಮೇಲೆ ನಮ್ಮ ಬಳಿಗೆ ಬಂದರು. “ಮೇಷ್ಟ್ರೇ, ಅಲ್ಲಿ ಅವಳು ಮರೆತಳು ಅಲ್ಲವಾ?” ಎಂದು ಕೇಳಿದರು. ಹೌದೆಂದೆವು. ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, “ಆವತ್ತು ನನಗೂ ಯಾರಾದರೂ ಇನ್ನೊಂದು ಸಲ ಬಾರಿಸಿದ್ದಿದ್ದರೆ, ನಾನೂ ಹಾಡಿಬಿಡ್ತಿದ್ದೆ ಅಂತ ಕಾಣುತ್ತೆ” ಎಂದರು. ಮಾತಿನಲ್ಲಿ ದೂರಿರಲಿಲ್ಲ. ಆ ದಿನದ ತಪ್ಪು ನಮ್ಮದೆಂದು ಅವರಿಗೆ ಆಗ ಒಪ್ಪಿಕೊಂಡೆವು. ಅವರು ನಮ್ಮ ಕೈಯಿಂದ ಛತ್ರಿಯನ್ನು ತೆಗೆದುಕೊಂಡು, ತಾವೇ ಬಿಡಿಸಿ ಹಿಡಿದು, ನಮ್ಮ ಮನೆಯ ಬಾಗಿಲವರೆಗೂ ಜೊತೆಯಲ್ಲಿ ಬಂದರು.

ಆದ್ದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ನಿಮ್ಮ ಮನೆಯ ಮಕ್ಕಳು ರಂಗಕ್ಕೆ ಹತ್ತುವಾಗ ಹೆದರಬೇಡವೆಂದು ಹೇಳಿ ನಿಮ್ಮ ಕರ್ತವ್ಯ ಮುಗಿಯಿತೆಂದುಕೊಳ್ಳಬೇಡಿರಿ. ಹೆದರಿಕೆ ಬಂದೇ ಬರುವುದೆಂದು ತಿಳಿದು, ಅದು ಬಂದಾಗ ಮಗುವು ನಿಲ್ಲತಕ್ಕ ಮನೆಯನ್ನು ಮೊದಲೇ ಕಟ್ಟಿಡಿರಿ. ಮಾತು ನಿಂತ ಗಳಿಗೆಯಲ್ಲಿ ಮೊದಲ ಸಾಲನ್ನು ಇನ್ನೊಮ್ಮೆ ನುಡಿಸುವವರೊಬ್ಬರು ಪಕ್ಕದಲ್ಲಿದ್ದರೆ ಸಾಕು. ಮಕ್ಕಳು ತಾವಾಗಿಯೇ ಮುಂದಿನ ನುಡಿಯನ್ನು ಎತ್ತಿಕೊಳ್ಳುತ್ತಾರೆ.